ಗೋಡೆ ಮೇಲಿಟ್ಟ ಕ್ಯಾಮೆರಾ

"ಇವತ್ತು ಯಾರ್ಯಾರನ್ನ ಹಿಡ್ಕಂಡು ಬಂದ್ಯಪ್ಪ ತಮ್ಮಾ?"

ಪಕ್ಕದ ಮನೆ ಅಕ್ಕ ಕೇಳುವ ಮೊದಲ ಮಾತು ಇದು. ಹೊಳೆಯಿಂದ ಬಂದವನ ಬುಟ್ಟಿಯಲ್ಲಿ ಮೀನೆಷ್ಟು ಅಂತ ಕೇಳಿದ ಹಾಗೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಬಳ್ಳಾರಿಯ ಬೇಸಿಗೆ ಹೇಗಂದರೆ, ಗುಡ್ಡ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತರವರೆಗೂ ಅದನ್ನು ಊರ ಮೇಲೆ ಬಿಡುತ್ತಿರುತ್ತದೆ. ಮನೆಯೊಳಗೆ ಫ್ಯಾನು ತಿರುಗಿದರೂ ಬೀಸುವುದು ಬಿಸಿಗಾಳಿಯೇ. ಹೀಗಾಗಿ ಸಂಜೆ ಆರೂವರೆಗೆ ಓಣಿಯೆಲ್ಲ ಬಾಗಿಲಾಚೆ. ಅಕ್ಕ ಆ ಕಡೆ ಮೊರ ಹಿಡಿದು ನಿಂತರೆ, ನಾನು ಈ ಕಡೆ ತಿರುಗಾಟ ಮುಗಿಸಿ ಬಂದು ಕ್ಯಾಮೆರಾ ಗೋಡೆ ಮೇಲಿಡುತ್ತೇನೆ. ಮೊರದಲ್ಲಿನ ತೊಗರಿಬೇಳೆ ಮುಗಿಯುವವರೆಗೂ ಮಾತು.

ಆವತ್ತು ಭಾನುವಾರ. ಬೆಳಿಗ್ಗೆ ಬ್ರೂಸ್‌ಪೇಟೆ, ಸಂಜೆ ಗುಡ್ಡ. ಹಿಂದಿನ ಪುಟ್ಟ ಪರದೆ ತೋರಿಸಿದೆ. ಪಾತ್ರೆ ಅಂಗಡಿಯ ಹಿರಿಯರೊಬ್ಬರು ಮುಚ್ಚಿದ ಶಟರ್‌ಗೇ ಕೈಮುಗಿದು ನಿಂತಿದ್ದಾರೆ, ಬೀಗದ ಕೈ ಜೋಡಿಸಿದ ಎರಡು ಹಸ್ತಗಳ ನಡುವೆಯೇ ಇದೆ. ಇನ್ನೊಂದರಲ್ಲಿ ಗುಡ್ಡದ ಮೇಲಿನ ಕೋಟೆಯಲ್ಲಿ ಒಬ್ಬ ಹುಡುಗ ಪರಊರಿನ ನಾಲ್ಕು ಜನರಿಗೆ ಕತೆ ಹೇಳುತ್ತಿದ್ದಾನೆ. ಯಾವ ಕತೆ ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಹೈದರಾಲಿ 1769ರಲ್ಲಿ ಕೋಟೆ ಬಲಪಡಿಸಿದ್ದು, ಕೆಲಸ ಮಾಡಿಸಿದ ಫ್ರೆಂಚ್ ಎಂಜಿನಿಯರು, ಎದುರಿನ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ ಆ ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದರಂತೆ ಅನ್ನುವ ಕತೆ. ಹುಡುಗನ ಬಲಗೈ ಕುಂಬಾರ ಗುಡ್ಡದ ಕಡೆ ಚಾಚಿದೆ, ಎಡಗೈ ತನ್ನದೇ ಕುತ್ತಿಗೆಗೆ ಹಗ್ಗ ಬಿಗಿಯುತ್ತಿದೆ. ಅವನ ಕಣ್ಣು ನೋಡಿದರೆ ಸಾಕು, ಅದೆಲ್ಲ ನಿನ್ನೆ ಮೊನ್ನೆ ನಡೆದಂತಿದೆ.

ಅಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಎರಡನೇ ಪ್ರಶ್ನೆ ಕೇಳಿದರು. ಅದೂ ಹಳೆಯದೇ.

"ಇವರ್ಯಾರೂ ನಿನ್ನ ಕಡಿ ನೋಡೇ ಇಲ್ಲ. ಕೇಳದೇ ತಗಂಡಿ ಅಂದಂಗಾತು. ಒಬ್ಬರ ಮನ್ಯಾಗಿಂದ ಕೇಳದೇ ಏನಾರ ತಗಂಡ್ರೆ ಅದಕ್ಕೇನಂತಾರ?"

ಮೂರು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಾ ಇದ್ದೇನೆ. ಒಂದೊಂದು ಸಲ ಒಂದೊಂದು ಉತ್ತರ. ಯಾವುದನ್ನೂ ಅವರು ಪೂರ್ತಿ ಒಪ್ಪಿಲ್ಲ, ಪೂರ್ತಿ ತಳ್ಳಿಯೂ ಹಾಕಿಲ್ಲ.

ನನ್ನ ಈ ಕೆಲಸಕ್ಕೆ 'ಕ್ಯಾಂಡಿಡ್' ಅನ್ನುತ್ತಾರೆ ಅಂತ ಮೊದಲ ಸಲ ಹೇಳಿದಾಗ ಅವರಿಗೆ ಆ ಪದ ಗೊತ್ತೇ ಇತ್ತು. ಮಗನ ಮದುವೆಯಲ್ಲಿ ಸ್ಟುಡಿಯೋದವರು ಕ್ಯಾಂಡಿಡ್‌ಗೆ ಬೇರೆ ರೇಟು, ಬೇರೆ ಹುಡುಗ ಅಂದಿದ್ದರಂತೆ. ಆ ಹುಡುಗ ಮದುಮಗಳಿಗೆ "ಆಚೆ ನೋಡಿ ನಗ್ರಿ, ನನ್ನ ನೋಡಬ್ಯಾಡ್ರಿ" ಅಂತ ಹೇಳಿ ಹೇಳಿ ತೆಗೆದ. ಆ ಆಲ್ಬಂ ನಾನೂ ನೋಡಿದ್ದೇನೆ. ಚೆಂದವಿದೆ. ಮದುವೆ ಮನೆಯಲ್ಲಿ ಅಷ್ಟು ಜನರ ಮಧ್ಯೆ ನಾಚುವ ಹುಡುಗಿಯ ಮುಖದಲ್ಲಿ ನಗು ತರಿಸುವುದು ಸುಲಭದ ಕೆಲಸವಲ್ಲ. ಆದರೆ ನಾನು ಬೀದಿಯಲ್ಲಿ ಹುಡುಕುವುದು ಅದನ್ನಲ್ಲ. ಯಾರೂ ಹೇಳಿಕೊಡದ ನಗು, ಯಾರಿಗೂ ತೋರಿಸಬೇಕಿಲ್ಲದ ದಣಿವು, ತನ್ನ ಪಾಡಿಗೆ ತಾನಿರುವ ಕೈ.

ನಮ್ಮ ಕಡೆ ಫೋಟೋ ಅಂದರೆ ಬಹಳ ಕಾಲ ತೆಗೆಸಿಕೊಳ್ಳುವ ವಸ್ತುವೇ ಆಗಿತ್ತು. ಅಕ್ಕ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಸ್ಟುಡಿಯೋಕ್ಕೆ ಹೋಗಿ ತೆಗೆಸಿದ ಒಂದು ಚಿತ್ರ ಅವರ ಮನೆಯಲ್ಲಿದೆ. ಹಿಂದೆ ಬಣ್ಣ ಬಳಿದ ಪರದೆಯಲ್ಲಿ ಮೆಟ್ಟಿಲು, ಹೂದಾನಿ, ಸರೋವರ. ಆಗ 120ರ ರೋಲು, ಚೌಕದ ಕ್ಯಾಮೆರಾಕ್ಕೆ ಹಾಕಿದರೆ 12 ಪಟ. ಒಂದೊಂದು ಪಟಕ್ಕೂ ಬೆಲೆ. ಉಸಿರು ಹಿಡಿಯಿರಿ, ಗಲ್ಲ ಎತ್ತಿರಿ, ಅಲ್ಲಾಡಬೇಡಿ. ಅವರ ತಾಯಿಯಂತೂ ಅಷ್ಟಕ್ಕೂ ಒಪ್ಪಿದವರಲ್ಲ, ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆ ಅನ್ನುವ ನಂಬಿಕೆಯವರು. ಹಾಗಾಗಿ ಆ ಅಜ್ಜಿಯ ಒಂದೇ ಒಂದು ಚಿತ್ರವೂ ಇಲ್ಲ. ಮೂಗು ಹೇಗಿತ್ತು ಅಂತ ಮೊಮ್ಮಕ್ಕಳು ಕೇಳಿದರೆ ಅಕ್ಕ ತಮ್ಮ ಮೂಗನ್ನೇ ಮುಟ್ಟಿ ತೋರಿಸುತ್ತಾರೆ.

ಅಲ್ಲಾಡದೆ ನಿಲ್ಲುವ ಈ ರೂಢಿ ಕ್ಯಾಮೆರಾದ ಹುಟ್ಟಿನಿಂದಲೇ ಬಂದದ್ದು. 1838ರಲ್ಲಿ ಪ್ಯಾರಿಸ್‌ನಲ್ಲಿ ಡಗೇರ್ ಎಂಬಾತ ತನ್ನ ಕಿಟಕಿಯಿಂದ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ತುಂಬಿದ್ದ ಬೀದಿ. ಆದರೆ ಬೆಳಕು ಅಚ್ಚಾಗಲು ನಿಮಿಷಗಟ್ಟಲೆ ಬೇಕಿದ್ದ ಕಾಲ ಅದು. ನಡೆದಾಡುವವರು ಯಾರೂ ಅಚ್ಚಾಗಲಿಲ್ಲ, ಬೀದಿ ಬರಿದಾಗಿ ಬಂತು. ಉಳಿದದ್ದು ಮೂಲೆಯಲ್ಲಿ ಒಂದು ಕಾಲು ಎತ್ತಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬಾತ, ಅವನ ಮುಂದೆ ಮಸುಕಾಗಿ ಪಾಲಿಶ್ ಮಾಡುವವನು. ಫೋಟೋದಲ್ಲಿ ಮನುಷ್ಯ ಸಿಕ್ಕ ಮೊದಲ ಗಳಿಗೆಗಳಲ್ಲಿ ಅದೊಂದು, ಅದೂ ಬೀದಿ ಬದಿಯ ದುಡಿಮೆಯ ಗಳಿಗೆ. ನಮ್ಮ ಸೀಮೆಗೂ ಹಾಗೇ ಆಯಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಕಲ್ಲು, ಕಂಬ, ಗೋಪುರ ಅಂಗೈ ರೇಖೆಯಷ್ಟು ಸ್ಪಷ್ಟ. ಓಡಾಡುವ ಜನ ಮಾತ್ರ ಅಲ್ಲಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಅದೇ ಜಾಗದಲ್ಲಿ ನಿಂತು ಅವೇ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ನನಗೆ ಕಾಡುವುದು, ಆ 1856ರಲ್ಲಿ ಕಂಬದ ಪಕ್ಕ ಹಾದುಹೋದ ಹೆಂಗಸು ತಲೆ ಮೇಲೆ ಏನು ಹೊತ್ತಿದ್ದಳು ಅನ್ನುವುದೇ.

ಅಕ್ಕನಿಗೆ ಇದನ್ನು ಹೇಳಿದೆ. "ಹುಲ್ಲು ಹೊತ್ತಿರ್ತಾಳ, ಇನ್ನೇನು," ಅಂದರು.

ಹತ್ತು ವರ್ಷ ಬೆಂಗಳೂರಿನಲ್ಲಿದ್ದೆ. ಕ್ಯಾಮೆರಾ ಹಿಡಿದು ನಡೆಯಲು ಕಲಿತದ್ದು ಅಲ್ಲೇ, ಕೆ.ಆರ್. ಮಾರ್ಕೆಟ್ಟು, ಅವೆನ್ಯೂ ರಸ್ತೆ, ಮೆಜೆಸ್ಟಿಕ್ಕು. ದೊಡ್ಡ ಊರಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಹೂವಿನ ರಾಶಿಯ ನಡುವೆ ನಿಂತರೂ ಬೈಗುಳ ಸಿಗುವುದು ದಾರಿಗೆ ಅಡ್ಡ ನಿಂತದ್ದಕ್ಕೆ, ಫೋಟೋ ತೆಗೆದದ್ದಕ್ಕಲ್ಲ. ಆ ಕಾಲದಲ್ಲಿ ನನಗೆ ಗುರು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೊಂ. ಹೊಳೆಯುವ ಲೈಕಾ ಕ್ಯಾಮೆರಾಕ್ಕೆ ಕಪ್ಪು ಪಟ್ಟಿ ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ತಿರುಗುತ್ತಿದ್ದವರು. 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಲ್ಲುವ ಕೆಲವೇ ಹೊತ್ತಿನ ಮುಂಚೆ ಅವರನ್ನು ಕಂಡು ಬಂದವರು, ಆಮೇಲೆ ಆ ರಾತ್ರಿಯ ಜನಸಾಗರವನ್ನು ಹಿಡಿದವರು. 1952ರಲ್ಲಿ ಅವರ ಒಂದು ಪುಸ್ತಕ ಬಂತು. ಇಂಗ್ಲಿಷಿನಲ್ಲಿ ಅದಕ್ಕೆ 'ನಿರ್ಣಾಯಕ ಕ್ಷಣ' ಅನ್ನುವಂಥ ಗಂಭೀರ ಹೆಸರು. ಫ್ರೆಂಚಿನಲ್ಲಿ ಇಟ್ಟ ಹೆಸರೇ ಬೇರೆ. ಲೈಸೆನ್ಸ್ ಇಲ್ಲದೆ ಫುಟ್‌ಪಾತಿನಲ್ಲಿ ಸಾಮಾನು ಹರಡಿ, ಪೊಲೀಸರು ಬಂದರೆ ಎತ್ತಿಕೊಂಡು ಓಡಲು ತಯಾರಾಗಿ ಮಾರುತ್ತಾರಲ್ಲ, ಆ ಗಡಿಬಿಡಿಯ ವ್ಯಾಪಾರಕ್ಕೆ ಅಲ್ಲಿನವರು ಬಳಸುವ ಮಾತು ಅದು. ಅಕ್ಕನ 'ಕೇಳದೇ ತಗಂಡಿ' ಅನ್ನುವ ಆಪಾದನೆಗೆ ಅಷ್ಟು ದೊಡ್ಡ ಮನುಷ್ಯರೇ ಪುಸ್ತಕದ ಹೊದಿಕೆ ಮೇಲೆ ತಲೆಬಾಗಿದ ಹಾಗೆ ನನಗೆ ಕಾಣುತ್ತದೆ.

ಊರಿಗೆ ವಾಪಸು ಬಂದೆ. ಬಳ್ಳಾರಿಯೂ ದೊಡ್ಡ ಊರೇ, ಆದರೆ ಕಣ್ಣಿಗೆ ಬೀಳದೆ ತಿರುಗುವ ಊರಲ್ಲ. ತೇರು ಬೀದಿಯಲ್ಲಿ ಮೊದಲ ವಾರ ನನ್ನನ್ನು ಕೇಳಿದ್ದು "ಯಾವ ಪೇಪರ್‌ನೋರು?" ಅಂತ. ಎರಡನೇ ವಾರ ಒಬ್ಬರು ಅಂಗಡಿಯಿಂದ ಇಳಿದು ಬಂದು, ರಸ್ತೆ ಅಗಲ ಮಾಡಲು ಸರ್ವೆ ಮಾಡುತ್ತಿದ್ದೀರಾ ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ನನ್ನ ಕೈಯಲ್ಲಿದ್ದ ವಸ್ತು ಇನ್ನೊಬ್ಬರ ಕಣ್ಣಿಗೆ ಬುಲ್‌ಡೋಜರಿನ ಮುಂಗಾಮಿಯಾಗಿ ಕಾಣಬಹುದು ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಅವರ ಅಂಗಡಿ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಮಾತಾಡಿದೆ. ತೆಗೆದದ್ದನ್ನೆಲ್ಲ ತೋರಿಸಿದೆ. ಚಹಾ ಕುಡಿಸಿ ಕಳಿಸಿದರು.

ಮೂರನೇ ತಿಂಗಳು ಎಲ್ಲರಿಗೂ ಗೊತ್ತಾಗಿತ್ತು. "ಬಂದ ನೋಡು ಫೋಟೋದಣ್ಣ." ಎಲ್ಲರೂ ನೇರ ನಿಂತು ನಗುವವರೇ. ಕ್ಯಾಂಡಿಡ್ ಅನ್ನುವುದು ಮುಗಿದೇ ಹೋಯಿತು ಅಂದುಕೊಂಡೆ. ಬೇಡವೆನ್ನದೆ ಎಲ್ಲರದನ್ನೂ ತೆಗೆದೆ, ಪ್ರಿಂಟ್ ಹಾಕಿಸಿ ಕೊಟ್ಟೆ. ಆಮೇಲೆ, ಎಂಟೊಂಬತ್ತು ತಿಂಗಳಾದ ಮೇಲೆ ಇರಬೇಕು, ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತಾ ಕೂತಿದ್ದೆ. ಭಟ್ಟರು ಬಾಣಲೆಗೆ ಮೆಣಸಿನಕಾಯಿ ಬಿಡುತ್ತಾ, ಹೆಗಲಿನಿಂದ ಬೆವರು ಒರೆಸಿಕೊಳ್ಳುತ್ತಾ, ಒಳಗಿದ್ದ ಯಾರಿಗೋ ಮಗಳ ಕಾಲೇಜ್ ಫೀಸಿನ ಬಗ್ಗೆ ಹೇಳುತ್ತಿದ್ದರು. ಕ್ಯಾಮೆರಾ ಎತ್ತಿದೆ. ಅವರು ನೋಡಿದರು. ನೋಡಿ, ಮಾತು ಮುಂದುವರಿಸಿದರು. ನಾನಿದ್ದೇನೆ ಅನ್ನುವುದು ಗೋಡೆ ಗಡಿಯಾರ ಇದ್ದಷ್ಟೇ ಸಹಜವಾಗಿತ್ತು ಅವರಿಗೆ. ಬೆಂಗಳೂರಿನಲ್ಲಿ ಹತ್ತು ವರ್ಷದಲ್ಲಿ ಅಂಥದ್ದೊಂದು ಚಿತ್ರ ನನಗೆ ಸಿಕ್ಕಿರಲಿಲ್ಲ. ಅಲ್ಲಿ ಜನ ನನ್ನನ್ನು ಕಾಣದೆ ಸಿಕ್ಕಿದ್ದರು. ಇಲ್ಲಿ ಕಂಡು, ಕಂಡು, ಬಳಕೆಯಾಗಿ ಸಿಗುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಆಮೇಲೆ ಮತ್ತೆ ನೋಡಿದಾಗ ಬೇರೆಯೇ ಕಂಡವು. ದೇಶ ಸುತ್ತಿದವರು, ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿ ಹಳ್ಳಿ ಅಲೆದವರು, 1977ರಲ್ಲಿ ಪದ್ಮಶ್ರೀ ಬಂದವರು. ಅವರ ಮಕ್ಕಳ ಚಿತ್ರಗಳನ್ನು ನೋಡಿ, ಒಂದು ಮಗುವಿನ ಕಣ್ಣಲ್ಲೂ ಕ್ಯಾಮೆರಾದ ಭಯವಿಲ್ಲ. ಲೆನ್ಸಿನ ಈಚೆ ನಿಂತವರು ಎಂಥವರು ಅಂತ ಆಚೆಯವರ ಮುಖವೇ ಹೇಳುತ್ತದೆ.

ಕೈಚಳಕದ ಮಾತು ಒಂದಿಷ್ಟು ಹೇಳಲೇಬೇಕು, ಏಕೆಂದರೆ ಹೊಸ ಹುಡುಗರು ಕೇಳುವುದು ಅದನ್ನೇ. ದೂರದಿಂದ ಎಳೆದು ತೆಗೆಯುವ ಉದ್ದ ಲೆನ್ಸು ನಾನು ಬೀದಿಗೆ ಒಯ್ಯುವುದಿಲ್ಲ. ನನ್ನದು 28 ಎಂ.ಎಂ., ಆರೇಳು ಅಡಿ ಹತ್ತಿರ ಹೋಗದೆ ಆಳು ಫ್ರೇಮ್ ತುಂಬುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರ್ ಎಫ್ 8ಕ್ಕಿಟ್ಟು ಫೋಕಸನ್ನು ಸುಮಾರು 11 ಅಡಿಗೆ ಕಟ್ಟಿಹಾಕಿದರೆ, ಐದೂವರೆ ಅಡಿಯಿಂದ ಆಚೆಗಿರುವುದೆಲ್ಲ ಸ್ಪಷ್ಟ. ಆಮೇಲೆ ಫೋಕಸ್ ಮುಟ್ಟುವ ಹಾಗೇ ಇಲ್ಲ. ಬಳ್ಳಾರಿಯ ಬಿಸಿಲಿಗೆ ಶಟರ್ 1/500 ಸೆಕೆಂಡು ಧಾರಾಳವಾಗಿ ಸಿಗುತ್ತದೆ. ಇದನ್ನು ಅಕ್ಕನಿಗೆ ವಿವರಿಸುತ್ತಾ ಹೋದಾಗ ಅವರು ಮಧ್ಯದಲ್ಲೇ ತಡೆದರು. "ಒಗ್ಗರಣಿಗೆ ಇಟ್ಟಂಗೆ ಅನ್ನು. ಸಾಸಿವಿ, ಕರಿಬೇವು, ಇಂಗು ಎಲ್ಲ ಕೈ ಅಳತಿಗೆ ಇಟ್ಕಂಡಿರಬೇಕು. ಸಾಸಿವಿ ಸಿಡಿದ ಮ್ಯಾಲ ಕರಿಬೇವು ಹುಡುಕ್ತಾ ಕುಂತ್ರೆ ಹೊತ್ತತೈತೆ." ಇದಕ್ಕಿಂತ ಚೆನ್ನಾಗಿ ನನಗೆ ಯಾವ ಪುಸ್ತಕದವರೂ ಹೇಳಿಕೊಟ್ಟಿಲ್ಲ.

ಕೌಲ್‌ಬಜಾರ್‌ಗೆ ನಾನು ಬೆಳಿಗ್ಗೆ ಒಂಬತ್ತರ ಮೇಲೆ ಹೋಗುತ್ತೇನೆ, ಮಕ್ಕಳು ಶಾಲೆಗೆ ಹೋಗಿ ಹೊಸ್ತಿಲುಗಳು ಖಾಲಿಯಾದ ಮೇಲೆ. ಬಳ್ಳಾರಿ ಜೀನ್ಸು ಅಂತ ದೇಶವೆಲ್ಲ ಉಡುತ್ತದಲ್ಲ, ಅದರ ಒಂದು ಪಾಲು ಆ ಹೊಸ್ತಿಲುಗಳ ಮೇಲೇ ಮುಗಿಯುವುದು. ಹೊಲಿದು ಬಂದ ಪ್ಯಾಂಟುಗಳ ರಾಶಿ ಮಧ್ಯೆ ಹೆಂಗಸರು ಕೂತು, ಚಿಮಟದಂಥ ಪುಟ್ಟ ಕತ್ತರಿಯಲ್ಲಿ ಹೊಲಿಗೆಯ ತುದಿದಾರ ಕತ್ತರಿಸುತ್ತಾರೆ. ಒಂದೊಂದು ಪ್ಯಾಂಟಿಗೆ ಇಷ್ಟು ಅಂತ ಲೆಕ್ಕ. ಸೊಂಟದಿಂದ ಶುರುಮಾಡಿ ಬೆರಳು ಕಾಲಿನ ತುದಿಗೆ ಹರಿಯುವ ವೇಗ ಕಣ್ಣಿಗೆ ಸಿಗುವುದಿಲ್ಲ, ಶಟರ್‌ಗೆ ಸಿಗುತ್ತದೆ. ಬೆರಳ ತುದಿ ನೀಲಿ. ಅದೇ ಬೆರಳಲ್ಲಿ ಮಗುವಿನ ಗಲ್ಲ ಹಿಂಡಿದರೆ ಗಲ್ಲಕ್ಕೂ ನೀಲಿ ಮೂಡುತ್ತದೆ. ಕಪ್ಪು ಬಿಳುಪಿನಲ್ಲಿ ತೆಗೆಯುವ ನನ್ನ ಹಳೇ ಹಟ ಬಿಟ್ಟದ್ದು ಆ ನೀಲಿ ಗಲ್ಲ ಕಂಡ ದಿನ. ರಘುಬೀರ್ ಸಿಂಗ್ (1942–1999) ಬದುಕಿನುದ್ದಕ್ಕೂ ಬಣ್ಣದಲ್ಲೇ ತೆಗೆದರು. ಈ ದೇಶವನ್ನು ಬಣ್ಣ ಬಿಟ್ಟು ನೋಡುವುದು ಹೇಗೆ ಅನ್ನುವುದು ಅವರ ವಾದ. ಜೀನ್ಸಿನ ನೀಲಿ, ಸಂಡೂರಿನ ಅದಿರು ಲಾರಿಗಳು ರಸ್ತೆ ಬದಿಯ ಬೇವಿಗೂ ಬಳಿದ ಕೆಂಪು, ಕುರುಗೋಡಿನ ಮೆಣಸಿನಕಾಯಿಯ ಇನ್ನೊಂದು ಕೆಂಪು. ಎರಡು ಕೆಂಪೂ ಒಂದೇ ಅಲ್ಲ, ಬೂದುಬಣ್ಣದಲ್ಲಿ ಒಂದೇ ಆಗಿಬಿಡುತ್ತವೆ.

ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ, ಈಗ ಮೆಣಸಿನಕಾಯಿ, ಅಂಜೂರದ ಊರು. ದೊಡ್ಡಬಸವೇಶ್ವರನ ತೇರಿಗೆ ಹೋದರೆ ಸಾವಿರಾರು ಮೊಬೈಲುಗಳು ತೇರಿನ ಕಡೆ ಎತ್ತಿರುತ್ತವೆ. ನಾನು ತೇರಿಗೆ ಬೆನ್ನು ಮಾಡಿ, ಮನಸ್ಸಿನಲ್ಲೇ ಕ್ಷಮೆ ಕೇಳಿ, ಜನರ ಕಡೆ ತಿರುಗುತ್ತೇನೆ. ಹೋದ ಸಲ ಒಬ್ಬಾಕೆ ಬಾಳೆಹಣ್ಣು ಎಸೆಯಲು ಒಂದು ಕಣ್ಣು ಮುಚ್ಚಿ ಗುರಿ ಹಿಡಿದಿದ್ದಳು. ಕಂಕುಳಲ್ಲಿದ್ದ ಮಗಳೂ ಹಾಗೇ ಒಂದು ಕಣ್ಣು ಮುಚ್ಚಿದ್ದಳು, ಅವಳ ಕೈಯಲ್ಲಿ ಒಂದೇ ಒಂದು ಉತ್ತತ್ತಿ. ಮರುದಿನ ಊರಾಚೆ ಮೆಣಸಿನಕಾಯಿ ಕಣಕ್ಕೆ ಹೋದೆ. ಸೆರಗನ್ನು ಮೂಗಿನ ಮೇಲಿಂದ ಬಿಗಿದು ಕಟ್ಟಿಕೊಂಡು, ಬಣ್ಣ ಹೋದ ಕಾಯಿ ಬೇರೆ, ಒಳ್ಳೇದು ಬೇರೆ ಮಾಡುತ್ತಾ ಕೂತ ಹೆಂಗಸರು. ಎರಡು ನಿಮಿಷಕ್ಕೆ ನನಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು. ಅವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿ ನಕ್ಕರು, ಒಬ್ಬಾಕೆ ಎದ್ದು ನೀರಿನ ಬಾಟಲಿ ತಂದುಕೊಟ್ಟಳು. ಆ ನಗುವಿನ ಚಿತ್ರ ನನ್ನ ಬಳಿಯಿಲ್ಲ, ಕಣ್ಣು ಬಿಡಲಾಗಿರಲಿಲ್ಲ. ಕಿವಿಯಲ್ಲಿದೆ.

ಸಿರುಗುಪ್ಪದ ಮಾತು ಬಂದರೆ ಅಕ್ಕ ಮೊರ ಪಕ್ಕಕ್ಕಿಡುತ್ತಾರೆ. ಅವರ ತವರು ಆ ತಾಲ್ಲೂಕಿನ ತೆಕ್ಕಲಕೋಟೆ. ಬಳ್ಳಾರಿಯಿಂದ ಉತ್ತರಕ್ಕೆ ಹೊರಟರೆ ಒಣ ನೆಲ ಕರಗಿ, ಕಾಲುವೆ ಬಂದು, ಹಸಿರು ಶುರುವಾಗುತ್ತದಲ್ಲ, ಆ ಗದ್ದೆಗಳು. ನಾಟಿ ದಿನಗಳಲ್ಲಿ ಬೆಳಗಿನ ಆರಕ್ಕೆಲ್ಲ ಸಿರುಗುಪ್ಪದ ಸರ್ಕಲ್ಲಿನಲ್ಲಿ ಆಟೋಗಳು ಹೆಂಗಸರನ್ನು ತುಂಬಿಕೊಂಡು ಹೊರಡುತ್ತವೆ. ಸೀರೆ ಮೇಲೆ ಗಂಡಂದಿರ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಕೈಯಲ್ಲಿ ಬುತ್ತಿ. ಸುಗ್ಗಿ ಬಂತೆಂದರೆ ರಸ್ತೆಯ ಅರ್ಧಕ್ಕೆ ಭತ್ತ ಹರಡಿರುತ್ತದೆ, ಮಿಲ್ಲುಗಳ ತೌಡಿನ ಧೂಳು ಗಾಳಿಯಲ್ಲಿ ತೇಲಿ ಸಂಜೆ ಬಿಸಿಲಿಗೆ ಹೊಂಬಣ್ಣ ಕೊಡುತ್ತದೆ. ಹಮಾಲರ ಬೆನ್ನಿನ ಮೇಲೆ ಆ ಧೂಳು ಬೆವರಿನ ಜೊತೆ ಸೇರಿ ನಕ್ಷೆ ಬರೆದಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಕ್ಯಾಮೆರಾದವರೆಲ್ಲ ಅಣೆಕಟ್ಟಿಗೆ ಓಡಿದರು, ಓಡಬೇಕಾದದ್ದೇ. ನಾನು ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದೆ. ಹೊಳೆದಂಡೆಯಲ್ಲಿ ಸಾಲಾಗಿ ಜನ. ಯಾರೂ ಮಾತಾಡುತ್ತಿರಲಿಲ್ಲ. ಕೆಂಪಗೆ ನೀರು ಹೋಗುತ್ತಿತ್ತು, ಮುಂದಿನ ಬೆಳೆಯ ನೀರು. ಒಬ್ಬ ಹಿರಿಯ ರೈತ ಕೆಳಗಿಳಿದು, ಕುಕ್ಕರುಗಾಲಲ್ಲಿ ಕೂತು, ಹರಿಯುವ ನೀರಿನಲ್ಲಿ ಅಂಗೈ ಅದ್ದಿ ಹಾಗೇ ಇಟ್ಟುಕೊಂಡಿದ್ದರು. ಹೋಗುವ ಮಗನ ಬೆನ್ನ ಮೇಲೆ ಕೈ ಇಟ್ಟ ಹಾಗೆ. ನಾನು ಆರಡಿ ದೂರದಲ್ಲಿದ್ದೆ. ಒಂದೇ ಒಂದು ಸಲ ಒತ್ತಿದೆ.

ಆ ಚಿತ್ರ ನೋಡಿ ಅಕ್ಕ ಏನೂ ಅನ್ನಲಿಲ್ಲ. ಅದರ ಮುಂದಿನದ್ದರಲ್ಲಿ ನಾಟಿ ಹಾಕುವ ಹೆಂಗಸರಿದ್ದರು. ಪರದೆಯನ್ನು ಹತ್ತಿರ ಹಿಡಿದು, "ಇಕಿ ಎಡಗೈಯಾಗ ಸಸಿ ಹೆಂಗ ಹಿಡಿದಾಳ ನೋಡು. ಹೆಬ್ಬೆರಳಿಂದ ಒಂದೊಂದೇ ದೂಡಬೇಕು. ನಮ್ಮವ್ವ ಹಿಂಗೇ ಕಲಿಸಿದ್ದು. ಮದಿವಿಗೆ ಮುಂಚೆ ಆರು ವರ್ಷ ನಾನೂ ಹಾಕೀನಿ," ಅಂದರು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಈ ವಿಷಯ ನನಗೆ ಗೊತ್ತಿರಲಿಲ್ಲ. ಅದರ ಚಿತ್ರ ಯಾವುದೂ ಇಲ್ಲ. ಅಕ್ಕನ ಆಲ್ಬಂನಲ್ಲಿ ಅವರು ಬರೀ ನಿಂತಿದ್ದಾರೆ, ಒಂದು ಕೆಲಸವನ್ನೂ ಮಾಡುತ್ತಿಲ್ಲ. ಹಗಲೆಲ್ಲ ದುಡಿದ ಹೆಂಗಸಿಗೆ ಎಪ್ಪತ್ತು ವರ್ಷದಲ್ಲಿ ಸಿಕ್ಕದ್ದು ಕೈ ಕಟ್ಟಿ ನಿಂತ ಹತ್ತು ಚಿತ್ರ.

ತೆಗೆಯಬಾರದ್ದೂ ಇದೆ. ತುಂಗಭದ್ರೆಯ ದಂಡೆಯಲ್ಲಿ ಸ್ನಾನದ ಜಾಗಕ್ಕೆ ನಾನು ಕ್ಯಾಮೆರಾ ಒಯ್ಯುವುದಿಲ್ಲ. ಕುಡಿದು ಬಿದ್ದವರು, ಕೈಯೊಡ್ಡಿ ಕೂತವರು ಬೇಡ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್ಯಾಪಿನಲ್ಲಿ ಹಬ್ಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಅಮಾಯಕನ ಜೀವ ಹೋಯಿತು. ಅಂದಿನಿಂದ ಪಕ್ಕದಲ್ಲಿ ಹಿರಿಯರಿಲ್ಲದೆ ಮಕ್ಕಳ ಚಿತ್ರ ತೆಗೆಯುವುದಿಲ್ಲ, ತಾಯಂದಿರ ಹೆದರಿಕೆಗೆ ಕಾರಣವಿದೆ. ಒಮ್ಮೆ ಒಂದು ಆಸ್ಪತ್ರೆಯ ಗೇಟಿನ ಹೊರಗೆ, ಕಾಗದದ ಕಟ್ಟು ಎದೆಗೊತ್ತಿಕೊಂಡು ಗೋಡೆಗೆ ಮುಖ ಮಾಡಿ ಅಳುತ್ತಿದ್ದ ಹೆಂಗಸಿನ ಚಿತ್ರ ತೆಗೆದೆ. ಬೆಳಕು, ನೆರಳು, ಗೋಡೆ ಎಲ್ಲ ಕೂಡಿಬಂದಿದ್ದವು. ರಾತ್ರಿ ದೊಡ್ಡ ಪರದೆಯಲ್ಲಿ ನೋಡಿದಾಗ ಗೊತ್ತಾಯಿತು, ಆಕೆ ಗೋಡೆಗೆ ಮುಖ ಮಾಡಿದ್ದೇ ಯಾರೂ ನೋಡಬಾರದು ಅಂತ. ಅಳಿಸಿದೆ. ಅಕ್ಕನ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ, ಅವರಿಗೂ ಹಾಗೇ ಹೇಳಿದೆ.

"ಕೋರ್ಟು ಏನಂತೈತೆ?" ಅಂತ ಕೇಳಿದರು. ಸಾರ್ವಜನಿಕ ರಸ್ತೆಯಲ್ಲಿ ಫೋಟೋ ತೆಗೆಯುವುದನ್ನೇ ಬೇಡ ಅನ್ನುವ ಕಾನೂನು ಇಲ್ಲ. ಆದರೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಮೊಕದ್ದಮೆ ತಂದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಆಧಾರ್ ವಿರುದ್ಧ ಹೂಡಿದ್ದು. ಬೀದಿಗೆ ಬಂದ ಮಾತ್ರಕ್ಕೆ ಮನುಷ್ಯ ತನ್ನದೆಲ್ಲವನ್ನೂ ಬೀದಿಗೆ ಕೊಟ್ಟುಬಿಡುವುದಿಲ್ಲ ಅಂತ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಹೀಗಾಗಿ ಯಾರಾದರೂ ಬೇಡ ಅಂದರೆ, ಕೈ ಅಡ್ಡ ಹಿಡಿದರೂ ಸಾಕು, ಅವರ ಮುಂದೆಯೇ ಅಳಿಸುತ್ತೇನೆ. ಸಿಕ್ಕವರಿಗೆಲ್ಲ ಪ್ರಿಂಟ್ ಒಯ್ದು ಕೊಡುತ್ತೇನೆ. ಶಿಕಾಗೋದಲ್ಲಿ ವಿವಿಯನ್ ಮೇಯರ್ (1926–2009) ಎಂಬಾಕೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ಬೀದಿಯಲ್ಲಿ ಲಕ್ಷಕ್ಕೂ ಮೀರಿ ಚಿತ್ರ ತೆಗೆದಳು, 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಿಗೆ ಬರುವವರೆಗೂ ಲೋಕಕ್ಕೆ ಗೊತ್ತಿರಲಿಲ್ಲ. ಎಂಥ ಕಣ್ಣು ಅವಳದು! ಆದರೂ ಆ ಚಿತ್ರಗಳಲ್ಲಿರುವ ಅಷ್ಟೂ ಜನ ತಮ್ಮನ್ನು ತಾವು ನೋಡಲಿಲ್ಲವಲ್ಲ ಅಂತ ನನಗೆ ಸಂಕಟ.

ಆಧಾರ್ ಹೆಸರು ಬಂದದ್ದೇ ಅಕ್ಕ ಸುಮ್ಮನಾದರು. ಯಾಕೆ ಅಂತ ನನಗೆ ಗೊತ್ತು. ಅರಳೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರು ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಬೆಳಗಿನ ಜಾವ ಹೋಗಿಬಿಟ್ಟರು. ಹಾರ ಹಾಕಲು ಚಿತ್ರ ಬೇಕು. ಮದುವೆ ಕಾಲದ್ದು ತೀರಾ ಎಳೆಯ ಮುಖ, ಮಗನ ಮದುವೆಯದ್ದರಲ್ಲಿ ಪೇಟದೊಳಗೆ ಅರ್ಧ ಮುಚ್ಚಿದ್ದರು. ಕೊನೆಗೆ ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿ, ಹಿಂದೆ ನೀಲಿ ಹಾಕಿಸಿ, ಅವರು ಜನ್ಮದಲ್ಲಿ ತೊಡದ ಕೋಟು ಕೂಡಿಸಿ ತಂದರು. ನಮ್ಮ ಓಣಿಯಲ್ಲಿ ಈಗ ಎಷ್ಟೋ ಮನೆಗಳ ಗೋಡೆ ಮೇಲೆ ಇರುವುದು ಇಂಥದ್ದೇ ಚಿತ್ರ, ಕಂಪ್ಯೂಟರಿನ ಮುಂದೆ ಕಣ್ಣು ಅಗಲ ಮಾಡಿ ಕೂತ ಮುಖ.

ಆರು ತಿಂಗಳಾದ ಮೇಲೆ ನನ್ನ ಹಳೇ ಫೈಲುಗಳನ್ನು ತಿರುವುವಾಗ ತೇರು ಬೀದಿಯ ಹೋಟೆಲಿನ ಒಂದು ಚಿತ್ರ ಸಿಕ್ಕಿತು. ನಾನು ತೆಗೆದದ್ದು ಚಹಾ ತರುವ ಹುಡುಗನನ್ನು. ಮೂಲೆಯ ಟೇಬಲ್ಲಿನಲ್ಲಿ ಭಾವನೋರು ಕೂತಿದ್ದಾರೆ. ಕನ್ನಡಕ ಹಣೆ ಮೇಲೆ, ಚಹಾ ಸಾಸರಿಗೆ ಸುರಿದು, ತುಟಿ ಮುಂದೆ ಮಾಡಿ ಊದುತ್ತಿದ್ದಾರೆ. ಹಬೆ ಮುಖದ ಮುಂದೆ ಹಾದಿದೆ. ನಾನಿದ್ದದ್ದು ಅವರಿಗೆ ಗೊತ್ತಿಲ್ಲ, ಅವರಿದ್ದದ್ದು ನನಗೂ ಗೊತ್ತಿರಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆ ಮೇಲಿಂದ ದಾಟಿಸಿದೆ. ಅಕ್ಕ ಸೆರಗಿನಿಂದ ಅದರ ಮೇಲಿಲ್ಲದ ಧೂಳು ಒರೆಸಿದರು.

"ಹೋಟ್ಲಾಗೂ ಸಾಸರಿಗೇ ಹಾಕ್ಕಂಡು ಕುಡಿತಿದ್ರೇನು," ಅಂದರು.

ಹಾರ ಹಾಕಿದ ಚಿತ್ರದ ಪಕ್ಕ ಅದನ್ನು ತೂಗುಹಾಕಲಿಲ್ಲ. ಅಡುಗೆ ಮನೆಯ ಕಟ್ಟೆ ಮೇಲೆ, ಚಹಾಪುಡಿ ಡಬ್ಬಿಗೆ ಒರಗಿಸಿ ಇಟ್ಟಿದ್ದಾರೆ.

ಕೇಳದೇ ತೆಗೆಯುವ ಪ್ರಶ್ನೆಯನ್ನು ಆಮೇಲೂ ಕೇಳುವುದು ಬಿಟ್ಟಿಲ್ಲ, ಈ ಭಾನುವಾರ ಕೇಳಿದ ಹಾಗೆ. ತಮ್ಮ ಚಿತ್ರ ತೆಗೆಯಲು ಮಾತ್ರ ಈ ಮೂರು ವರ್ಷವೂ ಬಿಟ್ಟವರಲ್ಲ. "ನಂದೇನು ತೆಗಿತಿ, ಬ್ಯಾಡ," ಅಂತ ಮೊರ ಅಡ್ಡ ಹಿಡಿಯುತ್ತಾರೆ.

ಬೇಳೆ ಆರಿಸಿ ಮುಗಿಯಿತು. ನಲ್ಲಿಯಲ್ಲಿ ಗಾಳಿ ಸುಂಯ್ಗುಟ್ಟಿತು, ನೀರು ಬರುವ ಸೂಚನೆ. ಅಕ್ಕ ಮೊರ ಎತ್ತಿಕೊಂಡರು.

"ನಾಳೆ ಮಾಳಿಗಿ ಮ್ಯಾಲ ಸಂಡಿಗಿ ಇಡ್ತೀನಿ. ಆರರೊಳಗ. ಬಿಸಿಲು ಏರಿದ್ರೆ ಅಲ್ಲಿ ಕಾಲಿಡಾಕಾಗಲ್ಲ."

"ಬರ್ತೀನಕ್ಕಾ. ಕ್ಯಾಮೆರಾ ತರಲಾ?"

ನಲ್ಲಿ ಕಡೆ ಹೊರಟವರು ತಿರುಗಿ ನೋಡಿದರು.

"ಅದನ್ನ ನಂಗ್ಯಾಕ ಕೇಳ್ತಿ? ಕೇಳಿದ್ರೆ ನಾನು ಸೀರಿ ಬದಲಾಯಿಸ್ಬೇಕಾಗತೈತೆ."